ಅಳತೆಗೋಲನ್ನೂ ಅಳೆಯಬೇಕು

ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠ ತಂತಿಯ ದಪ್ಪವನ್ನು ಅಳೆಯುವುದಲ್ಲ. ಉಪಕರಣದ ಶೂನ್ಯದೋಷವನ್ನು ಕಂಡುಕೊಳ್ಳುವುದು. ಅದರ ಎರಡು ದವಡೆಗಳು ಒಂದನ್ನೊಂದು ಮುಟ್ಟಿದಾಗ ಸೊನ್ನೆ ಕಾಣಬೇಕು. ಕಾಣದಿದ್ದರೆ ಎಷ್ಟು ಹೆಚ್ಚು ಅಥವಾ ಎಷ್ಟು ಕಡಮೆ ಎಂಬುದನ್ನು ಗುರುತು ಹಾಕಿಕೊಂಡು, ಮುಂದಿನ ಪ್ರತಿಯೊಂದು ಅಳತೆಯಲ್ಲಿಯೂ ಅದನ್ನು ಕಳೆಯಬೇಕು, ಇಲ್ಲವೆ ಕೂಡಿಸಬೇಕು. ಪಾಠ ಬಹಳ ಸಣ್ಣದು. ಅನೇಕರಿಗೆ ಬೇಸರ ತರುವಂಥದೂ ಹೌದು. ಅದನ್ನು ಮರೆತ ವಿದ್ಯಾರ್ಥಿ ಪರೀಕ್ಷೆಯಲ್ಲಿ ಕಳೆದುಕೊಳ್ಳುವುದು ಒಂದೆರಡು ಅಂಕಗಳನ್ನು ಮಾತ್ರ. ಆದರೆ ಇದೇ ಪಾಠವನ್ನು ಮರೆತರೆ ಮನುಷ್ಯರ ಪ್ರಾಣಕ್ಕೇ ಸಂಚಕಾರ ಒದಗುವಂಥ ಒಂದು ಕ್ಷೇತ್ರವಿದೆ. ರಕ್ತದಲ್ಲಿಯ ಯಾವುದಾದರೊಂದು ದ್ರವ್ಯವನ್ನು ಅಳೆದು, ಆ ಸಂಖ್ಯೆಯ ಬಲದಿಂದ ಯಕೃತ್ತಿನ ಕ್ಯಾನ್ಸರನ್ನು ಪತ್ತೆಮಾಡುವುದು, ಯಾವ ರೋಗಿಗೆ ಹೊಸ ಯಕೃತ್ತನ್ನು ಕಸಿ ಮಾಡಬೇಕೆಂದು ನಿರ್ಣಯಿಸುವುದು—ಇದೇ ಆ ಕ್ಷೇತ್ರ.

ಭೌತಶಾಸ್ತ್ರವನ್ನು ಬೋಧಿಸುವವರು ವೈದ್ಯರ ಅಂಗಳಕ್ಕೆ ಕಾಲಿಡುವುದು ಅಧಿಕಪ್ರಸಂಗವಲ್ಲವೆ ಎಂದು ವಾಚಕರು ಕೇಳಿಯಾರು. ಚಿಕಿತ್ಸೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ನಮಗಿಲ್ಲ. ಆ ಹಂಬಲವೂ ಇಲ್ಲ. ಆದರೆ ಅಳತೆ ಎಂಬುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ಸ್ವತ್ತು. ಅಳತೆಗಳನ್ನು ನಂಬುವ ಮೊದಲು ಯಾವ ಪ್ರಶ್ನೆಗಳನ್ನು ಕೇಳಬೇಕೆಂಬ ವಿಷಯದಲ್ಲಿ ನಮಗೆ ಒಂದು ಅಭಿಪ್ರಾಯವುಂಟು. ಅದನ್ನು ನಮ್ಮ ತರುಣ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಕೃತ್ತು, ಅಥವಾ ಪಿತ್ತಜನಕಾಂಗ, ನಮ್ಮ ಆಡುಮಾತಿನ ಈಲಿ, ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಅಡಗಿಕೊಂಡಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಅಂಗ. ಪಿತ್ತರಸವನ್ನು ಉತ್ಪಾದಿಸುವುದು, ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಹೊಟ್ಟೆಗೆ ಹೋದ ವಿಷವಸ್ತುಗಳನ್ನು ನಿರ್ವಿಷಗೊಳಿಸುವುದು, ಹೀಗೆ ಅದರ ಕೆಲಸಗಳು ಅನೇಕ. ಅದು ಬಹಳ ಸಹನಶೀಲವಾದ ಅಂಗ. ನೋವನ್ನು ಬೇಗ ಹೊರಗೆಡಹುವುದಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸುಗಳು, ಮದ್ಯ, ಮಿತಿಮೀರಿದ ಕೊಬ್ಬು, ಇವು ವರ್ಷಗಟ್ಟಲೆ ಅದನ್ನು ಬಾಧಿಸಿದಾಗ ಮೃದುವಾದ ಅಂಗಾಂಶದ ಸ್ಥಾನದಲ್ಲಿ ಗಾಯದ ಕಲೆಯಂಥ ಗಡಸು ನಾರು ತುಂಬಿಕೊಳ್ಳುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರು ಬಹುಪಾಲು ಇಂಥ ನೆಲದಲ್ಲಿಯೇ ಮೊಳೆಯುತ್ತದೆ. ಮೊಳೆಯುವಾಗ ರೋಗಿಗೆ ಏನೂ ಅನ್ನಿಸುವುದಿಲ್ಲ. ಅನ್ನಿಸುವ ಹೊತ್ತಿಗೆ ಅನೇಕ ವೇಳೆ ಕಾಲ ಮಿಂಚಿರುತ್ತದೆ. ಆದುದರಿಂದಲೇ ವೈದ್ಯರು ಒಳಗಿನ ಸುದ್ದಿಯನ್ನು ಹೊರಗೆ ತರಬಲ್ಲ ದೂತನೊಬ್ಬನನ್ನು ರಕ್ತದಲ್ಲಿ ಹುಡುಕತೊಡಗಿದರು.

ಇಂಥ ದೂತನಿಗೆ ಇಂದು ಜೈವಿಕ ಸೂಚಕ ಎನ್ನುತ್ತಾರೆ. ದೇಹದ ಸ್ಥಿತಿಯನ್ನು ತಿಳಿಸುವ, ವಸ್ತುನಿಷ್ಠವಾಗಿ ಅಳೆಯಲು ಬರುವ ಯಾವುದೇ ಲಕ್ಷಣ ಜೈವಿಕ ಸೂಚಕವೇ. ಹೆಸರು ಹೊಸದು, ಭಾವನೆ ಹಳೆಯದು. ಉಷ್ಣಮಾಪಕದಲ್ಲಿ ಏರಿದ ಪಾದರಸ ಜ್ವರದ ಸೂಚಕವಾಗಿತ್ತು. ಕಾಮಾಲೆಯಲ್ಲಿ ಹಳದಿಯಾದ ಕಣ್ಣು ಯಕೃತ್ತಿನ ತೊಂದರೆಯ ಸೂಚಕವಾಗಿತ್ತು. ಈಗ ಕಣ್ಣಿನ ಬದಲು ಸೂಕ್ಷ್ಮ ರಾಸಾಯನಿಕ ಪರೀಕ್ಷೆ ಬಂದಿದೆ, ಅಷ್ಟೆ.

ಯಕೃತ್ತಿನ ಕ್ಯಾನ್ಸರಿನ ಸೂಚಕಗಳಲ್ಲಿ ಹಿರಿಯದು ಆಲ್ಫಾ ಫೀಟೋಪ್ರೋಟೀನ್. ತಾಯಿಯ ಗರ್ಭದಲ್ಲಿರುವ ಶಿಶುವಿನ ರಕ್ತದಲ್ಲಿ ಈ ಪ್ರೋಟೀನು ಹೇರಳವಾಗಿರುತ್ತದೆ. ಹುಟ್ಟಿದ ಮೇಲೆ ಕ್ರಮವಾಗಿ ಇಳಿದು, ದೊಡ್ಡವರಲ್ಲಿ ಕೇವಲ ಅಲ್ಪಾಂಶ ಉಳಿಯುತ್ತದೆ. 1963ರಲ್ಲಿ ಮಾಸ್ಕೋದಲ್ಲಿ ಗ್ಯಾರಿ ಅಬೆಲೆವ್ ಮತ್ತು ಅವರ ಸಂಗಡಿಗರು, ಯಕೃತ್ತಿನ ಕ್ಯಾನ್ಸರು ಬಂದ ಇಲಿಗಳ ರಕ್ತದಲ್ಲಿ ಈ ಭ್ರೂಣಕಾಲದ ಪ್ರೋಟೀನು ಮರಳಿ ಕಾಣಿಸಿಕೊಳ್ಳುವುದನ್ನು ಪತ್ತೆಮಾಡಿದರು. ಮರುವರ್ಷವೇ ಯೂರಿ ಟಟಾರಿನೊವ್ ಮನುಷ್ಯ ರೋಗಿಗಳಲ್ಲಿಯೂ ಅದನ್ನು ಕಂಡರು. ಕ್ಯಾನ್ಸರ್ ಕೋಶ ತನ್ನ ಪ್ರೌಢತೆಯನ್ನು ಮರೆತು, ಭ್ರೂಣದಲ್ಲಿದ್ದಾಗಿನ ಅಭ್ಯಾಸಕ್ಕೆ ಹಿಂತಿರುಗುತ್ತದೆ ಎಂಬುದು ಸೋಜಿಗದ ಸಂಗತಿ. ಆ ಶೋಧವನ್ನು ಮೆಚ್ಚದವರಿರಲಾರರು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಗರ್ಭಿಣಿಯ ರಕ್ತದಲ್ಲಿ ಈ ಪ್ರೋಟೀನು ಸಹಜವಾಗಿಯೇ ಏರುತ್ತದೆ. ಹೆಪಟೈಟಿಸ್ ಕೆರಳಿದಾಗ, ಹಾಳಾದ ಯಕೃತ್ತು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವಾಗ, ಕ್ಯಾನ್ಸರಿಲ್ಲದಿದ್ದರೂ ಏರಬಹುದು. ಇದಕ್ಕೆ ವಿರುದ್ಧವಾಗಿ, ಈ ಪ್ರೋಟೀನನ್ನು ಸ್ರವಿಸದೆಯೇ ಬೆಳೆಯುವ ಯಕೃತ್ತಿನ ಕ್ಯಾನ್ಸರುಗಳೂ ಉಂಟು. ಅಂದರೆ ದೂತನು ಕೆಲವೊಮ್ಮೆ ಇಲ್ಲದ ಬೆಂಕಿಗೆ ಕೂಗೆಬ್ಬಿಸುತ್ತಾನೆ. ಕೆಲವೊಮ್ಮೆ ಮನೆ ಉರಿಯುತ್ತಿದ್ದರೂ ಸುಮ್ಮನಿರುತ್ತಾನೆ.

ಇದರ ಪರಿಣಾಮವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಂಖ್ಯೆಗಳು ನಾವು ಕಲ್ಪಿಸಿಕೊಂಡವು; ಆದರೆ ವಾಸ್ತವಕ್ಕೆ ದೂರವಾದವಲ್ಲ. ಸಿರೋಸಿಸ್ ಇರುವ 1000 ಜನರಿದ್ದಾರೆಂದೂ, ಅವರಲ್ಲಿ 20 ಮಂದಿಗೆ ಕ್ಯಾನ್ಸರು ಮೊಳೆತಿದೆಯೆಂದೂ ಇಟ್ಟುಕೊಳ್ಳೋಣ. ಪರೀಕ್ಷೆ ಕ್ಯಾನ್ಸರಿರುವ 100 ಮಂದಿಯಲ್ಲಿ 60 ಮಂದಿಯನ್ನು ಹಿಡಿಯುತ್ತದೆ. ಇಲ್ಲದ 100 ಮಂದಿಯಲ್ಲಿ 90 ಮಂದಿಗೆ ಸರಿಯಾಗಿಯೇ ‘ಇಲ್ಲ’ ಎನ್ನುತ್ತದೆ. ಕೇಳಿದೊಡನೆ ಇದು ಒಳ್ಳೆಯ ಪರೀಕ್ಷೆಯೆಂದೇ ತೋರುತ್ತದೆ. ಈಗ ಎಣಿಸಿರಿ. ರೋಗವಿರುವ 20 ಮಂದಿಯಲ್ಲಿ 12 ಮಂದಿ ಸಿಕ್ಕಿದರು, 8 ಮಂದಿ ತಪ್ಪಿಸಿಕೊಂಡರು. ರೋಗವಿಲ್ಲದ 980 ಮಂದಿಯಲ್ಲಿ ಹತ್ತನೆಯ ಒಂದು ಪಾಲು, ಎಂದರೆ 98 ಮಂದಿ, ಸುಳ್ಳು ಗಾಬರಿಗೆ ಒಳಗಾದರು. ‘ನಿಮಗೆ ಕ್ಯಾನ್ಸರಿರಬಹುದು’ ಎಂದು ಕೇಳಿಸಿಕೊಂಡ 110 ಮಂದಿಯಲ್ಲಿ ನಿಜವಾಗಿ ಕ್ಯಾನ್ಸರಿರುವವರು 12 ಮಂದಿ ಮಾತ್ರ! ಸಿರೋಸಿಸ್ ಇಲ್ಲದ ಸಾಮಾನ್ಯ ಜನರ ಮೇಲೆ ಇದೇ ಪರೀಕ್ಷೆಯನ್ನು ಪ್ರಯೋಗಿಸಿದರೆ ರೋಗವಿರುವವರ ಪಾಲು ಇನ್ನೂ ಕಿರಿದಾಗಿ, ಸುಳ್ಳು ಗಾಬರಿಗಳ ಪಾಲು ಇನ್ನೂ ಹಿರಿದಾಗುತ್ತದೆ. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷೆಗೆ ಒಳಗಾದ ಜನ ಬದಲಾದರು. ಹೀಗೆ ಒಂದು ಸೂಚಕದ ಬೆಲೆ ಸೂಚಕವೊಂದರಲ್ಲಿಯೇ ಅಡಗಿಲ್ಲ. ಅದನ್ನು ಯಾರ ಮೇಲೆ ಬಳಸುತ್ತೇವೆ ಎಂಬುದರಲ್ಲಿಯೂ ಇದೆ.

ಸುಳ್ಳು ಗಾಬರಿಗಳನ್ನು ತಗ್ಗಿಸಲು ಎಲ್ಲೆಯನ್ನು ಏರಿಸಿದರಾಗದೆ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಆಗಬಹುದು. ಆಲ್ಫಾ ಫೀಟೋಪ್ರೋಟೀನಿನ ವಿಷಯದಲ್ಲಿ ಮಿಲಿಲೀಟರು ರಕ್ತದ್ರವಕ್ಕೆ 20 ನ್ಯಾನೋಗ್ರಾಂ ಎಂಬ ಎಲ್ಲೆಯನ್ನು ಸಾಮಾನ್ಯವಾಗಿ ಬಳಸುತ್ತಾರೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಇದನ್ನು 400ಕ್ಕೆ ಏರಿಸಿದರೆ ಸುಳ್ಳು ಗಾಬರಿ ಬಹುಮಟ್ಟಿಗೆ ಅಡಗುತ್ತದೆ. ಆದರೆ ಇನ್ನೂ ಚಿಕ್ಕದಾಗಿರುವ, ಗುಣಪಡಿಸಲು ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ. ಜರಡಿಯ ಕಣ್ಣು ಸಣ್ಣದಾದರೆ ಅಕ್ಕಿಯೊಡನೆ ಕಲ್ಲೂ ಮೇಲೆಯೇ ನಿಲ್ಲುತ್ತದೆ. ದೊಡ್ಡದಾದರೆ ಕಲ್ಲಿನೊಡನೆ ಅಕ್ಕಿಯೂ ಕೆಳಗೆ ಬೀಳುತ್ತದೆ. ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಪ್ರಕೃತಿ ಹೇಳುವುದಿಲ್ಲ. ಯಾವ ತಪ್ಪು ಹೆಚ್ಚು ಘೋರ ಎಂಬುದನ್ನು ವಿಚಾರಿಸಿ ನಾವೇ ಎಳೆಯಬೇಕು.

ಒಬ್ಬ ಸಾಕ್ಷಿಯ ಮಾತು ಸಾಲದಿದ್ದಾಗ ಇಬ್ಬರು ಮೂವರನ್ನು ಕೇಳುವುದು ವಿವೇಕ. ಪ್ರೋಥ್ರಾಂಬಿನ್ ಎಂಬ ಪ್ರೋಟೀನಿನ ವಿಕೃತ ರೂಪವೊಂದು ಈ ಕ್ಯಾನ್ಸರಿನಲ್ಲಿ ಏರುತ್ತದೆಂದು 1984ರಲ್ಲಿ ತಿಳಿದುಬಂತು. ಆಲ್ಫಾ ಫೀಟೋಪ್ರೋಟೀನಿನಲ್ಲಿಯೇ ಎಲ್–3 ಎಂಬ ಒಂದು ಉಪಜಾತಿ ಕ್ಯಾನ್ಸರಿಗೆ ಹೆಚ್ಚು ಹತ್ತಿರದ್ದೆಂದು ಗೊತ್ತಾಯಿತು. 2014ರಲ್ಲಿ ಇವೆರಡರೊಡನೆ ಒಟ್ಟು ಆಲ್ಫಾ ಫೀಟೋಪ್ರೋಟೀನನ್ನೂ ರೋಗಿಯ ವಯಸ್ಸು ಮತ್ತು ಲಿಂಗವನ್ನೂ ಕೂಡಿಸಿ ‘ಗ್ಯಾಲಡ್’ ಎಂಬ ಅಂಕವನ್ನು ರಚಿಸಿದರು. ಶ್ರವಣಾತೀತ ಧ್ವನಿಯಿಂದ, ಎಂದರೆ ಅಲ್ಟ್ರಾಸೌಂಡಿನಿಂದ, ಯಕೃತ್ತಿನ ಚಿತ್ರ ತೆಗೆಯುವುದು ಇನ್ನೊಂದು ಸಾಕ್ಷಿ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ನಡೆದ ಒಂದು ವಿಶ್ಲೇಷಣೆಯ ಪ್ರಕಾರ, ಸಿರೋಸಿಸ್ ರೋಗಿಗಳಲ್ಲಿ ಆರಂಭದೆಸೆಯ ಕ್ಯಾನ್ಸರುಗಳ ಪೈಕಿ ಅಲ್ಟ್ರಾಸೌಂಡ್ ಒಂದೇ ಹಿಡಿದದ್ದು ನೂರಕ್ಕೆ 45ನ್ನು. ಆಲ್ಫಾ ಫೀಟೋಪ್ರೋಟೀನಿನ ಪರೀಕ್ಷೆಯೂ ಜೊತೆಗೂಡಿದಾಗ ನೂರಕ್ಕೆ 63ನ್ನು. ಮುನ್ನಡೆ ನಿಜ, ಆದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಇನ್ನೂ ಕಣ್ಣಿಗೆ ಬೀಳಲಿಲ್ಲ.

ರೋಗವನ್ನು ಮೊದಲೇ ಕಂಡುಹಿಡಿದರೆ ರೋಗಿ ಉಳಿದಂತೆಯೇ ಎಂದು ಜನ ಭಾವಿಸುತ್ತಾರೆ. ಚೀನಾ ದೇಶದ ಎರಡು ಪ್ರಯೋಗಗಳು ಇದನ್ನು ಒರೆಗೆ ಹಚ್ಚಿದುವು. ಚಿಡಾಂಗ್ ಎಂಬಲ್ಲಿ 1989ರಿಂದ 1995ರವರೆಗೆ, ಹೆಪಟೈಟಿಸ್ ಬಿ ವೈರಸನ್ನು ಹೊತ್ತ ಐದು ಸಾವಿರಕ್ಕೂ ಹೆಚ್ಚು ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಆರಾರು ತಿಂಗಳಿಗೊಮ್ಮೆ ಆಲ್ಫಾ ಫೀಟೋಪ್ರೋಟೀನಿನ ಪರೀಕ್ಷೆ ನಡೆಸಿದರು. ಆ ಗುಂಪಿನಲ್ಲಿ ಕ್ಯಾನ್ಸರು ಬೇಗನೆ ಪತ್ತೆಯಾಯಿತು. ಆದರೆ ಒಟ್ಟು ಸಾವುಗಳು ಕಡಮೆಯಾಗಲಿಲ್ಲ. ಷಾಂಘಾಯಿಯಲ್ಲಿ 18,816 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತಪರೀಕ್ಷೆಯ ಜೊತೆಗೆ ಅಲ್ಟ್ರಾಸೌಂಡನ್ನೂ ಬಳಸಿದರು. ಅಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ಆಗುವ ಸಾವು ನೂರಕ್ಕೆ 37ರಷ್ಟು ಇಳಿಯಿತು. ಈ ಎರಡನೆಯ ಪ್ರಯೋಗದ ರೀತಿಯನ್ನು ಕುರಿತು ತಜ್ಞರಲ್ಲಿ ತಕರಾರುಗಳುಂಟು. ಆದರೂ ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಪತ್ತೆಯಾದ ರೋಗಿಗೆ ಫಲಕಾರಿಯಾದ ಚಿಕಿತ್ಸೆ ದೊರೆತಾಗಲೇ ಸೂಚಕ ಸಾರ್ಥಕ. ಚಿಕಿತ್ಸೆ ಇಲ್ಲದೆಡೆ ಅದು ಕೆಟ್ಟ ಸುದ್ದಿಯನ್ನು ಕೊಂಚ ಮುಂಚಿತವಾಗಿ ತಲುಪಿಸುವ ಅಂಚೆಯಾಗುತ್ತದೆ, ಅಷ್ಟೆ.

ಆ ಚಿಕಿತ್ಸೆಗಳಲ್ಲಿ ಅತ್ಯಂತ ಸಾಹಸದ್ದು ಯಕೃತ್ತಿನ ಕಸಿ. ಮಾಸ್ಕೋದಲ್ಲಿ ಇಲಿಗಳ ಮೇಲೆ ಆ ಶೋಧ ನಡೆದ 1963ರಲ್ಲಿಯೇ, ಅಮೆರಿಕಾದ ಡೆನ್ವರಿನಲ್ಲಿ ಥಾಮಸ್ ಸ್ಟಾರ್‌ಜ್ಲ್ ಮನುಷ್ಯನಿಗೆ ಮೊತ್ತಮೊದಲು ಯಕೃತ್ತನ್ನು ಕಸಿ ಮಾಡಿದರು. ರೋಗಿ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ತೀರಿಕೊಂಡ. ನಾಲ್ಕು ವರ್ಷಗಳ ತರುವಾಯ, 1967ರಲ್ಲಿ, ಯಕೃತ್ತಿನ ಕ್ಯಾನ್ಸರಿದ್ದ ಪುಟ್ಟ ಮಗುವೊಂದು ಕಸಿಯಿಂದ ಒಂದು ವರ್ಷಕ್ಕೂ ಮಿಕ್ಕಿ ಬದುಕಿತು. ಹೊಸ ಯಕೃತ್ತು ಕೆಲಸ ಮಾಡಿತು. ಆದರೆ ದೇಹದ ಬೇರೆಡೆಗೆ ಹರಡಿದ್ದ ಕ್ಯಾನ್ಸರು ಮರಳಿ ತಲೆಯೆತ್ತಿ ಮಗುವನ್ನು ಕೊಂದಿತು. ಕಸಿಯ ಮುಂದಿರುವ ದೊಡ್ಡ ಪ್ರಶ್ನೆ ಅಂದೇ ಎದ್ದು ನಿಂತಿತು. ಕ್ಯಾನ್ಸರು ಯಕೃತ್ತಿನೊಳಗೇ ಇದೆಯೋ, ಹೊರಗೆ ಜಾರಿಕೊಂಡಿದೆಯೋ ಎಂಬುದನ್ನು ತಿಳಿಯುವುದು ಹೇಗೆ? ಜಾರಿಕೊಂಡಿದ್ದರೆ ರೋಗಿಗೂ ಪ್ರಯೋಜನವಿಲ್ಲ. ಅದೇ ಯಕೃತ್ತಿನಿಂದ ಬದುಕಬಹುದಾಗಿದ್ದ ಇನ್ನೊಬ್ಬನಿಗೂ ಅದು ತಪ್ಪಿದಂತಾಯಿತು.

1996ರಲ್ಲಿ ಇಟಲಿಯ ಮಿಲಾನಿನ ವಿಂಚೆಂಜೋ ಮಾಜಾಫೆರೋ ಮತ್ತು ಅವರ ಸಂಗಡಿಗರು ಈ ಪ್ರಶ್ನೆಗೆ ಅಳತೆಗೋಲಿನಿಂದಲೇ ಉತ್ತರ ಕೊಟ್ಟರು. ಒಂದೇ ಗಡ್ಡೆಯಿದ್ದರೆ 5 ಸೆಂಟಿಮೀಟರಿಗೆ ಮೀರಿರಬಾರದು. ಹೆಚ್ಚಿದ್ದರೆ ಮೂರಕ್ಕೆ ಮೀರಿರಬಾರದು, ಒಂದೊಂದೂ 3 ಸೆಂಟಿಮೀಟರಿಗೆ ಮೀರಿರಬಾರದು. ಹೀಗೆ ಆಯ್ದ 48 ರೋಗಿಗಳಲ್ಲಿ ನಾಲ್ಕು ವರ್ಷ ಬದುಕುಳಿದವರ ಪ್ರಮಾಣ ನೂರಕ್ಕೆ 75. ಅದಕ್ಕೆ ಹಿಂದಿನ ನಿರಾಶೆಯನ್ನು ನೆನೆದರೆ ಇದು ದೊಡ್ಡ ಗೆಲುವು. ಮಿಲಾನ್ ನಿಯಮವೆಂದು ಅದು ಜಗತ್ತಿನಾದ್ಯಂತ ಹೆಸರಾಯಿತು. ಆದರೆ ಗಾತ್ರದಿಂದ ಸ್ವಭಾವವನ್ನು ಪೂರ್ತಿಯಾಗಿ ಅರಿಯಲಾಗದು. ಚಿಕ್ಕ ಗಡ್ಡೆ ಉಗ್ರವಾಗಿರಬಹುದು, ದೊಡ್ಡದು ಸಾಧುವಾಗಿರಬಹುದು. ರಕ್ತದಲ್ಲಿಯ ಸೂಚಕ ಇಲ್ಲಿ ನೆರವಿಗೆ ಬಂತು. 2012ರಲ್ಲಿ ಫ್ರಾನ್ಸಿನ ಸಂಶೋಧಕರು ಗಡ್ಡೆಗಳ ಗಾತ್ರ ಮತ್ತು ಸಂಖ್ಯೆಯ ಜೊತೆಗೆ ಆಲ್ಫಾ ಫೀಟೋಪ್ರೋಟೀನನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅದು 100 ನ್ಯಾನೋಗ್ರಾಮನ್ನು ಮೀರಿದರೆ 2 ಅಂಕ, 1000ವನ್ನು ಮೀರಿದರೆ 3 ಅಂಕ. ಎಲ್ಲ ಸೇರಿ ಮೊತ್ತ 2ಕ್ಕಿಂತ ಹೆಚ್ಚಾದರೆ ಕ್ಯಾನ್ಸರು ಮರಳುವ ಅಪಾಯ ಹೆಚ್ಚು. 2013ರಲ್ಲಿ ಆ ದೇಶ ಇದನ್ನು ಬಳಕೆಗೆ ತಂದಿತು. ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಮುಂದಿನ ಹೆಜ್ಜೆ. ಇಟಲಿಯವರೂ ಲ್ಯಾಟಿನ್ ಅಮೆರಿಕಾದವರೂ ಅದನ್ನು ಹಾಗೆಯೇ ಒಪ್ಪಿಕೊಳ್ಳದೆ ತಮ್ಮ ತಮ್ಮ ರೋಗಿಗಳ ದಾಖಲೆಗಳ ಮೇಲೆ ಪರೀಕ್ಷಿಸಿ ನೋಡಿದರು. ಅಲ್ಲಿಯೂ ಅದು ನಿಂತಿತು. ಅಳತೆಗೋಲನ್ನು ಅಳೆಯುವುದೆಂದರೆ ಇದು.

ಕಸಿಯಾದ ಮೇಲೆಯೂ ಸೂಚಕದ ಕೆಲಸ ಮುಗಿಯುವುದಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಹಳೆಯ ಪರಿಚಯವೊಂದು ಎದುರಾಗುತ್ತದೆ. ವಿಕಿರಣಶೀಲ ಧಾತುವಿಗೆ ಅರ್ಧಾಯು ಇರುವಂತೆ ಆಲ್ಫಾ ಫೀಟೋಪ್ರೋಟೀನಿಗೂ ರಕ್ತದಲ್ಲಿ ಅರ್ಧಾಯು ಉಂಟು. ಅದು ಸುಮಾರು 5 ದಿನ. ಕಸಿಯ ದಿನ ಅದರ ಮಟ್ಟ 800 ಇತ್ತೆನ್ನೋಣ. ಅದರ ಮೂಲವಾದ ಗಡ್ಡೆ ಹಳೆಯ ಯಕೃತ್ತಿನೊಡನೆ ಪೂರ್ತಿಯಾಗಿ ಹೊರಗೆ ಹೋಗಿದ್ದರೆ, 5ನೆಯ ದಿನ 400, 10ನೆಯ ದಿನ 200, 15ನೆಯ ದಿನ 100, ಹೀಗೆ ಇಳಿಯುತ್ತ ಒಂದು ತಿಂಗಳಿನ ಸುಮಾರಿಗೆ 20ರ ಕೆಳಗೆ ಬರಬೇಕು. ಇಳಿಕೆ ನಡುವೆ ನಿಂತರೆ, ಅಥವಾ ಮತ್ತೆ ಏರತೊಡಗಿದರೆ, ಎಲ್ಲಿಯೋ ಮೂಲ ಉಳಿದಿದೆಯೆಂಬ ಶಂಕೆ ಹುಟ್ಟುತ್ತದೆ. ಒಂದು ದಿನದ ಸಂಖ್ಯೆ ಹೇಳಲಾರದ್ದನ್ನು ಸಂಖ್ಯೆಗಳ ಸಾಲು ಹೇಳುತ್ತದೆ.

ಇಲ್ಲಿಯವರೆಗೆ ಕ್ಯಾನ್ಸರನ್ನು ಕುರಿತು ಹೇಳಿದೆವು. ಕಸಿಗಾಗಿ ಕಾಯುವವರಲ್ಲಿ ಕ್ಯಾನ್ಸರಿಲ್ಲದೆ ಕೇವಲ ಯಕೃತ್ತು ಸೋತು ಹೋದವರೂ ಬಹುಮಂದಿ. ಮೃತರಿಂದ ದೊರೆಯುವ ಯಕೃತ್ತುಗಳು ಕೆಲವು, ಕಾಯುವವರು ಹಲವರು. ಮೊದಲು ಯಾರಿಗೆ ಕೊಡಬೇಕು? ಅಮೆರಿಕಾದಲ್ಲಿ ಹಿಂದೆ ಕಾಯ್ದ ಕಾಲಕ್ಕೂ ವೈದ್ಯರ ಅಂದಾಜಿಗೂ ಹೆಚ್ಚಿನ ಬೆಲೆಯಿತ್ತು. 2002ರ ಫೆಬ್ರವರಿಯಲ್ಲಿ ‘ಮೆಲ್ಡ್’ ಎಂಬ ಅಂಕ ಆ ಸ್ಥಾನಕ್ಕೆ ಬಂತು. ಬಿಲಿರುಬಿನ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲದ ಪ್ರಮಾಣ, ಕ್ರಿಯಾಟಿನೀನ್—ಈ ಮೂರರ ಲಘುಗಣಕಗಳನ್ನು ಗೊತ್ತಾದ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದರೆ 6ರಿಂದ 40ರವರೆಗಿನ ಒಂದು ಅಂಕ ಬರುತ್ತದೆ. ಅಂಕ ಹೆಚ್ಚಿದಷ್ಟೂ ಸಾವು ಹತ್ತಿರ. ಆದುದರಿಂದ ಯಕೃತ್ತು ಮೊದಲು ಅವರಿಗೆ. ಮೇಯೋ ಕ್ಲಿನಿಕ್ಕಿನಲ್ಲಿ ಹುಟ್ಟಿದ ಈ ಸೂತ್ರವನ್ನು ಬಳಕೆಗೆ ತರುವ ಮೊದಲು ಅಮೆರಿಕಾ ಮತ್ತು ಇಟಲಿಯ ಬೇರೆ ಬೇರೆ ರೋಗಿಗಳ ಗುಂಪುಗಳ ಮೇಲೆ ಪರೀಕ್ಷಿಸಿದ್ದರು. ಬಳಕೆಗೆ ಬಂದ ಮೇಲೆ ಕಾಯುವವರ ಪಟ್ಟಿಯಲ್ಲಿನ ಸಾವುಗಳು ಇಳಿದುವು. ಶಿಫಾರಸಿಗೆ ಎಡೆಯಿಲ್ಲದ, ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದಾದ ಈ ಪದ್ಧತಿ ಹಿಂದಿನದಕ್ಕಿಂತ ನ್ಯಾಯವಾದದ್ದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಅದರಲ್ಲಿಯೂ ಒಂದು ಶೂನ್ಯದೋಷ ಅಡಗಿತ್ತು. ಕ್ರಿಯಾಟಿನೀನ್ ಎಂಬುದು ಸ್ನಾಯುಗಳಲ್ಲಿ ಹುಟ್ಟಿ ಮೂತ್ರಪಿಂಡಗಳ ಮೂಲಕ ಹೊರಬೀಳುವ ಕಶ್ಮಲ. ಮೂತ್ರಪಿಂಡಗಳು ಸೋತಾಗ ಅದು ರಕ್ತದಲ್ಲಿ ಏರುತ್ತದೆ. ಸಾಮಾನ್ಯವಾಗಿ ಹೆಂಗಸರಲ್ಲಿ ಸ್ನಾಯುಗಳ ಪ್ರಮಾಣ ಗಂಡಸರಿಗಿಂತ ಕಡಮೆ. ಆದುದರಿಂದ ಮೂತ್ರಪಿಂಡಗಳು ಇಬ್ಬರಲ್ಲಿಯೂ ಒಂದೇ ಸಮನಾಗಿ ಸೋತಿದ್ದರೂ ಹೆಂಗಸಿನ ಸಂಖ್ಯೆ ಕೆಳಗಿರುತ್ತದೆ. ಗಂಡಸಿನಲ್ಲಿ 1.5, ಹೆಂಗಸಿನಲ್ಲಿ 1.2 ಇದ್ದಿತೆನ್ನೋಣ. ಸೂತ್ರದಲ್ಲಿ ಕ್ರಿಯಾಟಿನೀನಿನ ಸಹಜ ಲಘುಗಣಕವನ್ನು 9.57ರಿಂದ ಗುಣಿಸಬೇಕು. ವಾಚಕರು ಲೆಕ್ಕ ಹಾಕಿ ನೋಡಲಿ: ಒಂದೇ ಬಗೆಯ ರೋಗಕ್ಕೆ ಹೆಂಗಸಿಗೆ ಸುಮಾರು 2 ಅಂಕ ಕಡಮೆಯಾಗುತ್ತದೆ. ಪಟ್ಟಿಯಲ್ಲಿ ಅವಳು ಕೆಳಗೆ ಜಾರಲು ಅಷ್ಟು ಸಾಕು. ಇಷ್ಟೇ ಅಲ್ಲದೆ, ಕ್ರಿಯಾಟಿನೀನನ್ನು ಬಣ್ಣದ ಗಾಢತೆಯಿಂದ ಅಳೆಯುವ ಹಳೆಯ ವಿಧಾನದಲ್ಲಿ ಕಾಮಾಲೆಯ ಹಳದಿ ಬಣ್ಣ ಅಡ್ಡಬಂದು ಸಂಖ್ಯೆಯನ್ನು ಇನ್ನಷ್ಟು ಕೆಳಕ್ಕೆ ತೋರಿಸುವುದುಂಟು. ಯಾರಲ್ಲಿ ಯಕೃತ್ತು ಹೆಚ್ಚು ಕೆಟ್ಟಿದೆಯೋ ಅವರಲ್ಲಿಯೇ ಅಳತೆಯೂ ಹೆಚ್ಚು ಕೆಡಬಹುದೆಂಬುದು ವಿಚಿತ್ರ.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೆಲ್ಡ್ ಬಂದ ಮೇಲೆ ಪಟ್ಟಿಯಲ್ಲಿ ಸಾಯುವ ಅಥವಾ ಕಸಿಗೆ ತಡೆಯಲಾರದಷ್ಟು ಕೃಶರಾಗುವ ಸಂಭವ ಹೆಂಗಸರಿಗೆ ಹೆಚ್ಚೆಂದೂ, ಯಕೃತ್ತು ದೊರೆಯುವ ಸಂಭವ ಕಡಮೆಯೆಂದೂ ತೋರಿಸಿಕೊಟ್ಟಿತು. ಚಿಕ್ಕ ಮೈಕಟ್ಟಿಗೆ ಹೊಂದುವ ಯಕೃತ್ತು ಸಿಕ್ಕುವುದು ಕಷ್ಟವೆಂಬುದೂ ಒಂದು ಕಾರಣ. ಆದರೆ ಕ್ರಿಯಾಟಿನೀನಿನ ಪಾಲನ್ನು ಅಲ್ಲಗಳೆಯುವಂತಿಲ್ಲ. 2023ರ ಜುಲೈಯಲ್ಲಿ ‘ಮೆಲ್ಡ್ 3.0’ ಎಂಬ ತಿದ್ದಿದ ಸೂತ್ರ ಜಾರಿಗೆ ಬಂತು. ಅದರಲ್ಲಿ ಹೆಂಗಸರಿಗೆ 1.33 ಅಂಕಗಳನ್ನು ಕೂಡಿಸುತ್ತಾರೆ. ಸ್ಕ್ರೂ ಗೇಜಿನ ಶೂನ್ಯದೋಷವನ್ನು ಕೂಡಿಸಿದ ಹಾಗೆಯೇ! 2002ರಿಂದ 2023ಕ್ಕೆ 21 ವರ್ಷ. ಸೂತ್ರವನ್ನು ರಚಿಸಿದವರು ಅಜಾಗರೂಕರಾಗಿರಲಿಲ್ಲ. ಕೆಟ್ಟ ಮನಸ್ಸಿನವರಂತೂ ಅಲ್ಲ. ಯದೃಚ್ಛೆಯ ದೋಷ ಹಲವು ಬಾರಿ ಅಳೆದರೆ ಸರಿದೂಗುತ್ತದೆ. ಒಂದೇ ದಿಕ್ಕಿಗೆ ಎಳೆಯುವ ವ್ಯವಸ್ಥಿತ ದೋಷ ಸಾವಿರ ಬಾರಿ ಅಳೆದರೂ ಹಾಗೆಯೇ ಉಳಿಯುತ್ತದೆ. ಬೇಕೆಂದೇ ಅದನ್ನು ಹುಡುಕುವವರಿಗೆ ಮಾತ್ರ ಅದು ಸಿಕ್ಕುತ್ತದೆ.

ಇವೆಲ್ಲವುಗಳಿಂದ ನಮ್ಮ ಅಭಿಪ್ರಾಯ ಹೊರಡುತ್ತದೆ. ಹೊಸ ಸೂಚಕಗಳ ಘೋಷಣೆಗೆ ಇಂದು ಬರವಿಲ್ಲ. ರಕ್ತದಲ್ಲಿ ತೇಲುವ ಕ್ಯಾನ್ಸರಿನ ಡಿ.ಎನ್.ಎ. ತುಣುಕುಗಳು, ಸೂಕ್ಷ್ಮ ಆರ್.ಎನ್.ಎ.ಗಳು, ನೂರಾರು ಪ್ರೋಟೀನುಗಳು, ಎಲ್ಲವೂ ಶೋಧಕರ ಬಲೆಯಲ್ಲಿವೆ. ಬರವಿರುವುದು ಅವುಗಳ ದೋಷವನ್ನು ತಾಳ್ಮೆಯಿಂದ ಅಳೆಯುವವರಿಗೆ. ಮೊದಲು ಕಂಡವನಿಗೆ ಕೀರ್ತಿ, ಹಣ, ಪತ್ರಿಕೆಯ ಮುಖಪುಟ. ಅದು ನಿಜವೋ ಎಂದು ಇನ್ನೊಂದು ಊರಿನಲ್ಲಿ, ಇನ್ನೊಂದು ಜನದಲ್ಲಿ ಮತ್ತೆ ಅಳೆದು ನೋಡಿದವನಿಗೆ ಏನೂ ಇಲ್ಲ. ಈ ಪಂಕ್ತಿಭೇದ ಹೋಗಬೇಕು. ಪರೀಕ್ಷಿಸುವ ಕೆಲಸಕ್ಕೂ ಶೋಧದ ಕೆಲಸದಷ್ಟೇ ಧನಸಹಾಯ, ಪದವಿ ಮತ್ತು ಮನ್ನಣೆ ದೊರೆಯಬೇಕು. ಅದು ದೊರೆಯುವ ತನಕ ಯಾವ ಹೊಸ ಸೂಚಕವನ್ನೂ ಯಕೃತ್ತಿನ ಹಂಚಿಕೆಯಂಥ ಜೀವನ್ಮರಣದ ನಿರ್ಣಯಕ್ಕೆ ಆಧಾರವಾಗಿ ಬಳಸಬಾರದೆಂದು ನಾವು ಹೇಳುತ್ತೇವೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಪರೀಕ್ಷೆಯಲ್ಲಿ ವರ್ಷಗಳು ಕಳೆಯುತ್ತವೆ. ಆ ವರ್ಷಗಳಲ್ಲಿ ರೋಗಿಗಳು ಸಾಯುತ್ತಾರೆ. ಅರೆಬರೆಯಾದ ಬೆಳಕಾದರೂ ಕತ್ತಲೆಗಿಂತ ಮೇಲಲ್ಲವೆ? ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಮೆಲ್ಡ್ ಅಂಕವೇ ದೋಷವಿದ್ದರೂ ಅನೇಕರನ್ನು ಉಳಿಸಿತೆಂಬುದು ದಿಟ. ಆದರೆ ಆ ಉದಾಹರಣೆಯೇ ನಮ್ಮ ಪರವಾಗಿಯೂ ಸಾಕ್ಷಿ ನುಡಿಯುತ್ತದೆ. ಬಳಕೆಗೆ ಮೊದಲು ಅದನ್ನು ಪರೀಕ್ಷಿಸಿದ್ದರು. ಬಳಕೆಗೆ ಬಂದ ಮೇಲೆ ಲೆಕ್ಕಪತ್ರಗಳನ್ನು ಬಿಚ್ಚಿಟ್ಟಿದ್ದರು. ಅದರಿಂದಲೇ ದೋಷ ಹೊರಬಿತ್ತು. ನಾವು ಬೇಡುವುದು ದೋಷವೇ ಇಲ್ಲದ ಸೂಚಕವನ್ನಲ್ಲ, ಅಂಥದೊಂದು ಇರಲಾರದು. ದೋಷ ಎಷ್ಟೆಂಬುದು ಗೊತ್ತಿರಬೇಕು, ಬಳಕೆಗೆ ತಂದ ಮೇಲೆಯೂ ಅದರ ಮೇಲೆ ಕಣ್ಣಿಟ್ಟಿರಬೇಕು, ಕಂಡುಬಂದ ದೋಷವನ್ನು ತಿದ್ದಲು 15 ವರ್ಷ ಹಿಡಿಯಬಾರದು. ಇಷ್ಟೇ ನಮ್ಮ ಬೇಡಿಕೆ.

ಈ ಮಾತು ನಮ್ಮ ದೇಶಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅಂಗಾಂಗಗಳ ಕಸಿಯ ಕಾನೂನು ನಮ್ಮಲ್ಲಿ 1994ರಲ್ಲಿ ಬಂತು. ಯಕೃತ್ತಿನ ಯಶಸ್ವಿ ಕಸಿಗಳು 1998ರಲ್ಲಿ ಮೊದಲಾದುವು. ಕರ್ಣಾಟಕದಲ್ಲಿ ಮೃತರ ಅಂಗದಾನವನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಆದರೆ ಭಾರತದಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಮೃತರಿಂದ ಬಂದವಲ್ಲ. ಬದುಕಿರುವ ತಾಯಿ, ಹೆಂಡತಿ, ಮಗ, ಸೋದರ ತಮ್ಮ ಯಕೃತ್ತಿನ ಒಂದು ಭಾಗವನ್ನು ಕೊಟ್ಟು ನಡೆಯುವಂಥವು. ಯಕೃತ್ತು ಮತ್ತೆ ಬೆಳೆಯುತ್ತದೆಂಬುದು ಪ್ರಕೃತಿಯ ಕೃಪೆ. ಆದರೂ ದಾನಿಯ ಅಪಾಯ ಸೊನ್ನೆಯಲ್ಲ. ಕ್ಯಾನ್ಸರು ಹೊರಗೆ ಹರಡಿಲ್ಲವೆಂದು ಸೂಚಕ ತಪ್ಪಾಗಿ ಹೇಳಿದರೆ, ಇಲ್ಲಿ ರೋಗಿಯೊಡನೆ ಆರೋಗ್ಯವಂತನೊಬ್ಬನೂ ವೃಥಾ ಕತ್ತಿಗೆ ಮೈಯೊಡ್ಡಿದಂತಾಗುತ್ತದೆ. ಹರಡಿದೆಯೆಂದು ತಪ್ಪಾಗಿ ಹೇಳಿದರೆ, ಕೊಡಲು ಸಿದ್ಧನಾಗಿದ್ದ ಮಗನೆದುರಿಗೇ ತಂದೆ ತೀರಿಕೊಳ್ಳುತ್ತಾನೆ. ಪ್ಯಾರಿಸಿನ, ಮಿಲಾನಿನ, ರಾಚೆಸ್ಟರಿನ ಎಲ್ಲೆಗಳನ್ನು ಹಾಗೆಯೇ ಎರವಲು ತಂದು ಇಲ್ಲಿ ಬಳಸುವುದು, ಬೇರೊಬ್ಬರ ಉಪಕರಣವನ್ನು ಶೂನ್ಯದೋಷ ನೋಡದೆ ಬಳಸಿದಂತೆ. ನಮ್ಮ ಆಸ್ಪತ್ರೆಗಳು ತಮ್ಮ ಫಲಿತಾಂಶಗಳನ್ನು, ಗೆದ್ದುದನ್ನೂ ಸೋತುದನ್ನೂ, ಒಂದೇ ಕ್ರಮದಲ್ಲಿ ದಾಖಲೆಮಾಡಿ ಒಂದುಗೂಡಿಸಬೇಕು. ನಮ್ಮ ಜನಕ್ಕೆ ಯಾವ ಎಲ್ಲೆ ತಕ್ಕದ್ದೆಂಬುದು ಆಗ ತಿಳಿದೀತು.

ಇನ್ನೊಂದು ಮಾತು. ಸೂಚಕ ಎಷ್ಟೇ ನಿಖರವಾದರೂ ‘ಈ ರೋಗಿಗೆ ಅಪಾಯ ಇಷ್ಟು’ ಎಂದು ಹೇಳಬಲ್ಲುದೇ ಹೊರತು, ‘ಆದುದರಿಂದ ಯಕೃತ್ತು ಇವನಿಗೆ’ ಎಂದು ಹೇಳಲಾರದು. ಹೆಚ್ಚು ಕಾಯಿಲೆಯಾದವನಿಗೆ ಮೊದಲೋ, ಹೆಚ್ಚು ಕಾಲ ಬದುಕಬಹುದಾದವನಿಗೆ ಮೊದಲೋ ಎಂಬುದು ನ್ಯಾಯದ ಪ್ರಶ್ನೆ. ಅದನ್ನು ಬಹಿರಂಗವಾಗಿ ಚರ್ಚಿಸಿ ಸಮಾಜವೇ ನಿರ್ಣಯಿಸಬೇಕು. ಸಂಖ್ಯೆಯ ಬೆನ್ನ ಹಿಂದೆ ಅಡಗಿಕೊಳ್ಳಬಾರದು.

ನಮ್ಮ ವಾಚಕರಲ್ಲಿ ಕೆಲವರು ಮುಂದೆ ವೈದ್ಯರಾಗಬಹುದು, ಕೆಲವರು ರಸಾಯನಶಾಸ್ತ್ರಜ್ಞರೋ ಗಣಿತಜ್ಞರೋ ಆಗಬಹುದು. ಬಹುಮಂದಿ ಇವೊಂದೂ ಆಗದೆ ಪತ್ರಿಕೆ ಓದುವ ನಾಗರಿಕರಾಗುವರು. ‘ಒಂದು ಹನಿ ರಕ್ತದಿಂದ ಕ್ಯಾನ್ಸರ್ ಪತ್ತೆ’ ಎಂಬ ದಪ್ಪಕ್ಷರದ ಸುದ್ದಿಯನ್ನು ಕಂಡಾಗ ಅವರೆಲ್ಲರೂ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ರೋಗವಿದ್ದವರಲ್ಲಿ ಎಷ್ಟು ಮಂದಿಯನ್ನು ಇದು ಹಿಡಿಯಿತು? ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಹೆದರಿಸಿತು? ಯಾವ ಜನರ ಮೇಲೆ ಪರೀಕ್ಷಿಸಿದರು? ಕಂಡುಹಿಡಿದವರಲ್ಲದೆ ಬೇರೆ ಯಾರಾದರೂ ಅಳೆದು ನೋಡಿದರೋ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಸುದ್ದಿಯನ್ನು ಸಂತೋಷದಿಂದ ಸ್ವಾಗತಿಸೋಣ. ಸಿಕ್ಕದಿದ್ದರೆ ಆ ಉತ್ತರಗಳನ್ನು ಹುಡುಕುವ ಕೆಲಸ ಇನ್ನೂ ಯಾರ ಕೈಯನ್ನೋ ಕಾಯುತ್ತಿದೆಯೆಂದು ತಿಳಿಯಬೇಕು. ಅದಕ್ಕೆ ಬೇಕಾದುದು ತಾಳ್ಮೆ, ಲೆಕ್ಕ ಮತ್ತು ಪ್ರಾಮಾಣಿಕತೆ. ಈ ಮೂರಕ್ಕೂ ನಮ್ಮ ವಿದ್ಯಾರ್ಥಿಗಳಲ್ಲಿ ಕೊರತೆಯಿಲ್ಲವೆಂಬುದು ನಮ್ಮ ನಂಬಿಕೆ.